ರ‍್ಯಾಮಿನಲ್ಲಿ ಜಾರಿಬಿದ್ದ ಕುಜ

ಮನುಷ್ಯನ ಬುದ್ಧಿ ಕೆಡುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಕಲ್ಲಡ್ಕದ ದೇವಿಪ್ರಸಾದನ ಬುದ್ಧಿ ಯಾರೋ ಕುಡಿದು ಬಿಟ್ಟ ಅರ್ಧ ಗ್ಲಾಸು ಚಹಾದಿಂದ ಕೆಟ್ಟಿತು.

ಹೆದ್ದಾರಿಯ ಬದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಅಂಗಡಿ. ಜೆರಾಕ್ಸ್, ಮದುವೆ ಕಾಗದ, ಪಹಣಿ, ಬಸ್ ಪಾಸಿನ ಫೋಟೊ ಎಲ್ಲವೂ ಅಲ್ಲಿ ಆಗುತ್ತಿತ್ತಾದರೂ ಅಂಗಡಿಯ ಹೆಸರು ನಿಂತದ್ದು ಜಾತಕದ ಮೇಲೆ. ಹುಟ್ಟಿದ ದಿನ, ಗಂಟೆ, ಊರು ಹೇಳಿದರೆ ಕಂಪ್ಯೂಟರು ಲೆಕ್ಕ ಹಾಕಿ ಹನ್ನೆರಡು ಮನೆಯ ಕುಂಡಲಿಯಲ್ಲಿ ಒಂಬತ್ತು ಗ್ರಹಗಳನ್ನು ಕೂರಿಸಿ ಪ್ರಿಂಟ್ ಹಾಕಿ ಕೊಡುತ್ತಿತ್ತು. ಆದರೆ ಆ ಕಂಪ್ಯೂಟರಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ಗ್ರಹಗಳು ಆಕಾಶದಿಂದ ಕಲ್ಲಡ್ಕದವರೆಗೆ ನಡೆದುಕೊಂಡೇ ಬರುತ್ತಿವೆಯೇನೋ ಎನ್ನುವಷ್ಟು ಹೊತ್ತು ಗಿರಾಕಿಗಳು ಬೆಂಚಿನ ಮೇಲೆ ಕಾಯಬೇಕಾಗಿತ್ತು.

ಒಂದು ದಿನ ಮೊಮ್ಮಗುವಿನ ಜಾತಕಕ್ಕೆಂದು ಬಂದ ವಿಟ್ಲದ ಕಡೆಯ ಹೆಂಗಸೊಬ್ಬರು ಕಾದು ಕಾದು ಕೊನೆಗೆ ಎದ್ದು ನಿಂತರು.

“ಮೆಲ್ಕಾರಿನಲ್ಲಿ ಚಾ ಆರುವ ಮೊದಲು ಜಾತಕ ಕೈಗೆ ಬರ್ತದೆ. ನಿಮ್ಮಲ್ಲಿ ಕೂತರೆ ಮಗು ಶಾಲೆಗೆ ಹೋಗ್ಲಿಕ್ಕೆ ಶುರು ಮಾಡ್ತದೆ” ಎಂದವರೇ ಅರ್ಧ ಚಹಾ ಅಲ್ಲೇ ಬಿಟ್ಟು ಬಸ್ಸು ಹತ್ತಿದರು.

ದೇವಿಪ್ರಸಾದನಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ಸಹಿಸುತ್ತಿದ್ದ. ಪಕ್ಕದೂರಾದ ಮೆಲ್ಕಾರಿನ ಜೊತೆ ಹೋಲಿಸಿದ್ದನ್ನು ಯಾವ ಕಲ್ಲಡ್ಕದವನು ಸಹಿಸುತ್ತಾನೆ?

ಎದುರಿನ ಮೂಸಬ್ಬನ ಚಹಾದಂಗಡಿಯಲ್ಲಿ ಅದೇ ಹೊತ್ತಿಗೆ ಅಝೀಮ್ ಕೂತಿದ್ದ. ಕಂಪ್ಯೂಟರ್ ರಿಪೇರಿಯವನು. ಅವನ ಅಂಗಡಿ ಮೆಲ್ಕಾರಿನಲ್ಲೇ ಇದ್ದರೂ ಚಹಾ ಮಾತ್ರ ಕಲ್ಲಡ್ಕದ್ದೇ ಆಗಬೇಕು ಎನ್ನುವ ನಿಯತ್ತಿನ ಮನುಷ್ಯ. ರಸ್ತೆ ದಾಟಿ ಬಂದ ದೇವಿಪ್ರಸಾದನ ದುಃಖವನ್ನೆಲ್ಲ ಕೇಳಿ ಅವನು ನಕ್ಕ.

“ದೇವಣ್ಣ, ಹೊಸ ಕಂಪ್ಯೂಟರ್ ಎಂತಕ್ಕೆ? ನಿಮ್ಮ ಮೆಷಿನಿನ ರ‍್ಯಾಮ್ ಉದಾಸೀನ ಮಾಡ್ತಾ ಉಂಟು, ಅಷ್ಟೇ. ಅದನ್ನು ಓವರ್‌ಕ್ಲಾಕ್ ಮಾಡುವ.”

“ಹಾಗಂದ್ರೆ ಎಂತದು ಮಾರಾಯ?”

ಅಝೀಮ್ ಒಲೆಯ ಬಳಿಯಿಂದ ಮೇಜಿಗೆ ಚಹಾ ತರುತ್ತಿದ್ದ ಮೂಸಬ್ಬನತ್ತ ಕೈ ತೋರಿಸಿದ. “ನೋಡಿ, ಮೂಸಬ್ಬ ಕಾಕ ಈಗ ನಾಲ್ಕು ಗ್ಲಾಸ್ ಹಿಡ್ಕೊಂಡು ನಡೀತಾರೆ. ಅದು ಕಂಪನಿ ಸ್ಪೀಡ್. ಲೆಕ್ಕದ ಅಂಕೆಗಳನ್ನು ರ‍್ಯಾಮ್ ಹೀಗೇ ಹಿಡ್ಕೊಂಡು ತಂದು ಕೊಡುದು. ನಾವು ಎಂತ ಮಾಡುದು ಅಂದ್ರೆ, ಅವರ ಕೈಗೆ ಎಂಟು ಗ್ಲಾಸ್ ಕೊಟ್ಟು ಓಡಿ ಅಂತ ಹೇಳುದು.”

“ಬಿದ್ರೆ?”

“ಬೀಳದ ಹಾಗೆ ಸ್ವಲ್ಪ ವೋಲ್ಟೇಜ್ ಜಾಸ್ತಿ ಕೊಡುದು. ಮತ್ತೆ ಒಂದು ಇಡೀ ದಿವಸ ಟೆಸ್ಟ್ ಓಡಿಸಿ ನೋಡುದು. ಒಂದೇ ಒಂದು ತಪ್ಪು ಬಂದ್ರೂ ಸ್ಪೀಡ್ ಇಳಿಸ್ಬೇಕು. ತಪ್ಪಿಲ್ಲದೆ ಓಡಿದ್ರೆ ಸ್ಟೇಬಲ್ ಅಂತ ಲೆಕ್ಕ.”

“ಇಡೀ ದಿವಸ ಅಂಗಡಿ ಬಂದ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಟೆಸ್ಟೆಲ್ಲ ಬೇಡ” ಎಂದ ದೇವಿಪ್ರಸಾದ.

“ನನ್ನ ಕೈಗೆ ಎಂಟು ಗ್ಲಾಸ್ ಕೊಡಿ, ನಾನು ಎಂಟನ್ನೂ ನಿಮ್ಮ ಮಂಡೆಗೇ ಹೊಯ್ತೇನೆ” ಎಂದ ಮೂಸಬ್ಬ. ಅವನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಝೀಮ್ ಅಂದೇ ಬಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಊದಿ, ಕಂಪನಿಯವರು ಮೂರು ಸಾವಿರದ ಇನ್ನೂರು ಎಂದು ಬರೆದಿದ್ದ ರ‍್ಯಾಮಿನ ವೇಗವನ್ನು ಮೂರು ಸಾವಿರದ ಆರುನೂರಕ್ಕೆ ಏರಿಸಿದ. “ಇದಕ್ಕಿಂತ ಮೇಲೆ ಮುಟ್ಟಬೇಡಿ ದೇವಣ್ಣ” ಎಂದು ಮೂರು ಸಲ ಹೇಳಿ ಹೋದ. ಮುಟ್ಟಬೇಡಿ ಎಂದದ್ದನ್ನು ಮುಟ್ಟದೆ ಇರುವುದಕ್ಕೆ ದೇವಿಪ್ರಸಾದನೇನು ಋಷಿಯೇ? ಅಝೀಮನ ಬೈಕಿನ ಸದ್ದು ಮರೆಯಾದ ಕೂಡಲೇ ಅವನು ವೇಗ ಏರಿಸಿದ್ದ ನೀಲಿ ಪರದೆಯೊಳಗೆ ಹೊಕ್ಕು ನಾಲ್ಕು ಸಾವಿರ ಮಾಡಿಟ್ಟ. ನಾಲ್ಕು ಸಾವಿರವೆಂದರೆ ಹೇಳಿಕೊಳ್ಳುವುದಕ್ಕೂ ಒಂದು ಗತ್ತು ಇರುತ್ತದೆ. ಮೂರು ಸಾವಿರದ ಆರುನೂರು ಎಂದರೆ ಕೇಳಿದವನು ಚಿಲ್ಲರೆ ಹುಡುಕಿದ ಹಾಗೆ ಮುಖ ಮಾಡುತ್ತಾನೆ.

ಇನ್ನು ಪರೀಕ್ಷೆ. ಹೊಸ ಶಾಯಿ ಹಾಕಲಿ, ಹೊಸ ಅಕ್ಷರ ಹಾಕಲಿ, ದೇವಿಪ್ರಸಾದ ಮೊದಲು ಪ್ರಿಂಟ್ ಹಾಕಿ ನೋಡುವುದು ತನ್ನದೇ ಜಾತಕವನ್ನು. ಜನ್ಮದಿನವೂ ಜನ್ಮಗಳಿಗೆಯೂ ಬೆರಳಿಗೇ ಪಾಠವಾಗಿದ್ದವು. ಆ ಜಾತಕವಾದರೋ ಪುತ್ತೂರಿನಿಂದ ಬೆಳ್ತಂಗಡಿಯವರೆಗೆ ಹೆಣ್ಣಿರುವ ಮನೆಗಳಿಗೆಲ್ಲ ಹೋಗಿ ಹೋದ ವೇಗದಲ್ಲೇ ವಾಪಸು ಬಂದಂಥದ್ದು. ಏಳನೆಯ ಮನೆಯಲ್ಲಿ ಕುಜ! ಮದುವೆಯ ಮನೆಯ ಬಾಗಿಲಲ್ಲೇ ಅಡ್ಡ ಕಾಲು ಹಾಕಿ ಕೂತ ಕುಜನನ್ನು ಕಂಡರೆ ಯಾವ ಹೆಣ್ಣಿನ ತಂದೆಯೂ ಕಾಫಿಗೆ ಸಕ್ಕರೆ ಸಹ ಹಾಕಿಸುತ್ತಿರಲಿಲ್ಲ. ಹೀಗೆ ಕುಜ ಎದ್ದು ಹೋಗಲೆಂದು ಕಾಯುತ್ತಾ ದೇವಿಪ್ರಸಾದನಿಗೆ ನಲವತ್ತು ಹತ್ತಿರ ಬಂದಿತ್ತು.

ಬಟನ್ ಒತ್ತಿದ. ಬೆರಳು ಎತ್ತುವಷ್ಟರಲ್ಲಿ ಕಾಗದ ಹೊರಗೆ ಬಿತ್ತು.

“ಅಮ್ಮಾ! ಹಾರ್ತಾ ಉಂಟು!” ಎಂದು ಬೊಬ್ಬೆ ಹೊಡೆದು ಅವನು ಮೂಸಬ್ಬನಿಗೆ ಹೇಳಲು ರಸ್ತೆ ದಾಟಿ ಓಡಿದ. ಕಾಗದದಲ್ಲಿ ಏನಿದೆಯೆಂದು ನೋಡಲಿಲ್ಲ. ಬಾಯಿಪಾಠವಾದದ್ದನ್ನು ಯಾರಾದರೂ ಓದುತ್ತಾರೆಯೇ?

ಅವನ ತಾಯಿ ವಾಗ್ದೇವಿಯಮ್ಮ ಒಳಗಿನಿಂದ ಬಂದರು. ಅವತ್ತೇ ಮದುವೆಯ ಬ್ರೋಕರ್ ಚಿನ್ನಯ್ಯ ಬಂದು ಜಗಲಿಯಲ್ಲಿ ಕೂತಿದ್ದ. ಕಪಾಟಿನಲ್ಲಿದ್ದ ಹಳೆಯ ಜಾತಕಗಳೆಲ್ಲ ಊರೂರು ತಿರುಗಿ ಮಡಿಕೆಯಲ್ಲಿ ಹರಿದಿದ್ದವು. ಇದೋ ಬಿಸಿಬಿಸಿ ಹೊಸದು ಸಿಕ್ಕಿತಲ್ಲ ಎಂದು ಅಮ್ಮ ಅದನ್ನೇ ಚಿನ್ನಯ್ಯನ ಕೈಗೆ ಕೊಟ್ಟು, “ಮೂಡುಬಿದಿರೆ ಕಡೆ ಒಂದು ಉಂಟು ಅಂದಿದ್ದೆಯಲ್ಲ, ಅಲ್ಲಿಗೂ ತೋರಿಸಿ ಬಾ” ಎಂದರು. ಯಾವ ಆಸೆಯಿಂದಲೂ ಅಲ್ಲ, ಅಭ್ಯಾಸಬಲದಿಂದ.

ಒಂದು ವಾರ ದೇವಿಪ್ರಸಾದ ರಾಜನಂತೆ ಮೆರೆದ. ‘ಮಿಂಚಿನ ವೇಗದ ಜಾತಕ’ ಎಂದು ಹೊಸ ಬೋರ್ಡು ಬರೆಸಿದ. ಕಂಪ್ಯೂಟರು ಆಗಾಗ ನೀಲಿಯಾಗಿ ಸತ್ತು ಮತ್ತೆ ಬದುಕುತ್ತಿತ್ತು. ಅಷ್ಟು ಓಡುವವನಿಗೆ ನಡುವೆ ದಮ್ಮು ಬೇಡವೇ ಎಂದು ಅವನು ಸಮಾಧಾನ ಮಾಡಿಕೊಂಡ.

ಆಗ ಚಿನ್ನಯ್ಯ ಬಂದ. ಅವನು ನಡೆದು ಬರಲಿಲ್ಲ, ಓಡಿ ಬಂದ. ಜಗಲಿಯಲ್ಲಿ ಕೂತವನೇ ಮೂಡುಬಿದಿರೆಯಲ್ಲಿ ನಡೆದದ್ದನ್ನೆಲ್ಲ ಎಲ್ಲ ಪಾತ್ರಗಳನ್ನೂ ತಾನೇ ವಹಿಸಿ ಅಭಿನಯಿಸಿದ.

ಹೆಣ್ಣಿನ ತಂದೆ ಕೃಷ್ಣಕುಮಾರ ಮಾಸ್ಟ್ರು, ರಿಟೈರಾದ ಹೆಡ್‌ಮಾಸ್ಟರು. ಮಗಳು ಶ್ರೀಪ್ರಿಯಾ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಮಾಸ್ಟ್ರು ಜಾತಕವನ್ನು ತಮ್ಮ ಮನೆಯ ಜೋಯಿಸರಾದ ಮುರಳಿ ಜೋಯಿಸರ ಮುಂದಿಟ್ಟರು. ಜೋಯಿಸರು ಗ್ರಹಗಳನ್ನು ಎಣಿಸಿದರು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಎಡದಿಂದ ಎಣಿಸಿದರೂ ಎಂಟು, ಬಲದಿಂದ ಎಣಿಸಿದರೂ ಎಂಟು. ಏಳನೆಯ ಮನೆ ಗುಡಿಸಿ ಒರೆಸಿದ ಹಾಗೆ ಖಾಲಿ.

ಗೊತ್ತಿಲ್ಲ ಎಂಬ ಮಾತನ್ನು ಜೋಯಿಸರ ವಂಶದಲ್ಲಿ ಅಜ್ಜನ ಕಾಲದಿಂದ ಯಾರೂ ಆಡಿದ್ದಿಲ್ಲ.

“ಮಾಸ್ಟ್ರೇ” ಎಂದರಂತೆ ಅವರು, ಸ್ವರ ತಗ್ಗಿಸಿ, “ಇದು ಸಾಮಾನ್ಯ ಜಾತಕ ಅಲ್ಲ.”

“ಕುಜ ಎಲ್ಲಿ ಉಂಟು?”

“ನಾನು ಹೇಳುದೂ ಅದನ್ನೇ. ಇಲ್ಲ.”

“ಇಲ್ಲ ಅಂದ್ರೆ?”

“ಕುಜ ಇದ್ರೆ ಅಲ್ವಾ ಕುಜದೋಷ? ಕುಜನೇ ಇಲ್ಲದವನಿಗೆ ದೋಷ ಎಲ್ಲಿ ಕೂರುದು? ಇದಕ್ಕೆ ಕುಜಲೋಪ ಯೋಗ ಅಂತ ಹೆಸರು. ನಮ್ಮ ಅಜ್ಜ ಒಂದು ನೋಡಿದ್ರಂತೆ. ಅದು ಯಾವುದೋ ಅರಸರದ್ದು.”

ಇಷ್ಟು ಹೇಳಿ ಚಿನ್ನಯ್ಯ ಅರಸರ ಹಾಗೆಯೇ ಮೀಸೆಯ ಮೇಲೆ ಕೈಯಾಡಿಸಿದ. “ಹೆಣ್ಣು ನೋಡ್ಲಿಕ್ಕೆ ಗುರುವಾರ ಬರಬೇಕಂತೆ!”

ದೇವಿಪ್ರಸಾದ ಚಿನ್ನಯ್ಯನ ಮೊಬೈಲಿನಲ್ಲಿದ್ದ ಜಾತಕದ ಫೋಟೊ ಕಸಿದು ನೋಡಿದ. ಮೂಸಬ್ಬನ ಎಂಟು ಗ್ಲಾಸು ಅವನ ಕಣ್ಣಿಗೆ ಕಟ್ಟಿದವು. ಓಡುವ ಭರದಲ್ಲಿ ರ‍್ಯಾಮ್ ಒಂದು ಗ್ರಹವನ್ನು ದಾರಿಯಲ್ಲಿ ಬೀಳಿಸಿಬಿಟ್ಟಿತ್ತು.

“ಅಮ್ಮ, ಇದರಲ್ಲಿ ಕುಜ ಬಿದ್ದುಹೋಗಿದೆ!”

“ಹೋದ್ರೆ ಹೋಗ್ಲಿ ಮಗಾ” ಎಂದರು ವಾಗ್ದೇವಿಯಮ್ಮ, ತಣ್ಣಗೆ. “ಇಷ್ಟು ವರ್ಷ ಕೂತು ಅದು ಎಂತ ಉಪಕಾರ ಮಾಡಿದೆ?”

“ಆದ್ರೆ ಸುಳ್ಳಾಯ್ತಲ್ಲ!”

“ಸುಳ್ಳು ಹೇಳಿದ್ದು ನೀನಾ? ಮೆಷಿನು. ಮೆಷಿನಿಗೆ ಪಾಪ ತಾಗುದಿಲ್ಲ. ಗುರುವಾರಕ್ಕೆ ಅಂಗಿ ಇಸ್ತ್ರಿ ಮಾಡು.”

ಗುರುವಾರ ಮೂಡುಬಿದಿರೆಗೆ ಹೋಗುವಾಗ ದೇವಿಪ್ರಸಾದ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಉರುಹೊಡೆದ. ‘ಮಾಸ್ಟ್ರೇ, ಒಂದು ವಿಷಯ ಹೇಳ್ಲಿಕ್ಕುಂಟು.’ ಮಾಸ್ಟ್ರ ಮನೆಯ ಚಾವಡಿಯಲ್ಲಿ ಕೂತು ಗಂಟಲು ಸರಿಮಾಡಿ “ಮಾಸ್ಟ್ರೇ” ಎನ್ನುವಷ್ಟಕ್ಕೆ ಶ್ರೀಪ್ರಿಯಾ ಸಜ್ಜಿಗೆ ಅವಲಕ್ಕಿಯ ತಟ್ಟೆ ಹಿಡಿದು ಬಂದಳು. ವಾಕ್ಯ ಅಲ್ಲಿಗೇ ನಿಂತಿತು.

ಹಿರಿಯರು ಹುಡುಗ ಹುಡುಗಿ ಮಾತಾಡಲಿ ಎಂದು ಆಚೆಗೆ ಸರಿದರು. ಬಾಗಿಲ ಹಿಂದೆ ನಿಂತದ್ದು ಗೊತ್ತಾಗದ ಹಾಗೆ ಬಾಗಿಲ ಹಿಂದೆ ನಿಂತರು.

“ನಿಮ್ಮ ಅಂಗಡಿಯಲ್ಲಿ ಬಹಳ ಬೇಗ ಜಾತಕ ಸಿಗ್ತದೆ ಅಂತ ಕೇಳಿದೆ” ಎಂದಳು ಶ್ರೀಪ್ರಿಯಾ.

“ಹೌದು. ನಾಲ್ಕು ಸಾವಿರದಲ್ಲಿ ಓಡಿಸ್ತೇನೆ.”

“ಎಂತ, ಕಾರಾ?”

“ಅಲ್ಲಲ್ಲ, ರ‍್ಯಾಮ್. ಓವರ್‌ಕ್ಲಾಕ್ ಮಾಡಿದ್ದು.”

“ಎಂತಕ್ಕೆ ಅಷ್ಟು ಓಡಿಸುದು?”

ದೇವಿಪ್ರಸಾದ ಯೋಚಿಸಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. “ಮೆಲ್ಕಾರಿನವರಿಗಿಂತ ಮೊದಲು ಮುಟ್ಲಿಕ್ಕೆ” ಎಂದ.

“ಎಲ್ಲಿಗೆ?”

“ಅದು... ಗೊತ್ತಿಲ್ಲ.”

ಶ್ರೀಪ್ರಿಯಾ ನಕ್ಕಳು. ಮುಸಿಮುಸಿ ಅಲ್ಲ, ತಟ್ಟೆಯ ಚಮಚ ಕೆಳಗೆ ಬೀಳುವಷ್ಟು ನಕ್ಕಳು. ದೇವಿಪ್ರಸಾದನಿಗೂ ನಗು ಬಂತು. ಇಷ್ಟು ವರ್ಷ ಹೆಣ್ಣು ನೋಡಿ ನೋಡಿ ಅವನಿಗೆ ಸಜ್ಜಿಗೆಯ ರುಚಿಯಲ್ಲಿ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಅವತ್ತು ತಿಂದದ್ದು ಉಪ್ಪೋ ಸಿಹಿಯೋ ಅದೂ ತಿಳಿಯಲಿಲ್ಲ. ಮದುವೆಯೆಂದು ಆದರೆ ಇವಳ ಜೊತೆ, ಇಲ್ಲದಿದ್ದರೆ ಇನ್ನು ಚಿನ್ನಯ್ಯನನ್ನು ಜಗಲಿ ಹತ್ತಿಸುವುದೇ ಬೇಡ ಎಂದು ಅವನು ಅಲ್ಲೇ ತೀರ್ಮಾನ ಮಾಡಿಬಿಟ್ಟ. ಹೇಳಬೇಕಾದ ವಾಕ್ಯ ಅವಲಕ್ಕಿಯ ಜೊತೆ ಒಳಗೆ ಹೋಯಿತು.

ಹೊರಡುವಾಗ ಮುರಳಿ ಜೋಯಿಸರು ಅವನ ಹೆಗಲ ಮೇಲೆ ಕೈಯಿಟ್ಟರು. “ಬರುವ ಆದಿತ್ಯವಾರ ನಾವು ನಿಮ್ಮ ಮನೆ ನೋಡ್ಲಿಕ್ಕೆ ಬರ್ತೇವೆ. ಆಗ ಅದೇ ಜಾತಕ ಇನ್ನೊಂದು ನನ್ನ ಕಣ್ಣೆದುರು ಪ್ರಿಂಟ್ ಹಾಕಿ ಕೊಡಬೇಕು. ಜ್ಯೋತಿಷಿಗಳ ಸಭೆಯಲ್ಲಿ ತೋರಿಸ್ಲಿಕ್ಕುಂಟು. ಎರಡನೇ ಸಲವೂ ಹಾಗೇ ಬಂದ್ರೆ ಅದು ಪ್ರಮಾಣ.”

“ಹಾಗೇ ಬಂದ್ರೆ ಅಲ್ಲೇ ನಿಶ್ಚಯ ಮಾಡುವ” ಎಂದರು ಮಾಸ್ಟ್ರು. ಕ್ಲಾಸಿನಲ್ಲಿ ಕಡೆಯ ಬೆಂಚಿನವರನ್ನು ನೋಡುವ ಹಾಗೆ ನೋಡಿ ಸೇರಿಸಿದರು: “ಬಾರದಿದ್ರೆ ಚಾ ಕುಡಿದು ವಾಪಸು ಹೊರಡುವ.”

ಮನೆಗೆ ಬಂದ ದೇವಿಪ್ರಸಾದ ಚಪ್ಪಲಿ ಸಹ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತು ಜಾತಕ ಪ್ರಿಂಟ್ ಹಾಕಿದ. ಏಳನೆಯ ಮನೆಯಲ್ಲಿ ಕುಜ. ಇನ್ನೊಂದು ಹಾಕಿದ. ಕುಜ. ಇನ್ನೂ ಒಂದು ಹಾಕಿದ. ದಪ್ಪ ಅಕ್ಷರದಲ್ಲಿ, ಎಲ್ಲಿಗೂ ಹೋಗಿಲ್ಲವೆಂಬಂತೆ, ಕುಜ! ಬೇಡವೆಂದರೂ ಬಿಡದೆ ಕೂರುವ ನೆಂಟರಲ್ಲಿ ಇವನೇ ಮೊದಲಿಗ.

ಮರುದಿನ ಅಝೀಮ್ ಬಂದು ಟೆಸ್ಟ್ ಓಡಿಸಿದ. ಪರದೆಯ ತುಂಬ ಕೆಂಪು ಸಾಲುಗಳು ಮೇಲಿನಿಂದ ಕೆಳಗೆ ಸುರಿದವು.

“ಯಾ ಅಲ್ಲಾ! ದೇವಣ್ಣ, ಇದನ್ನು ನಾಲ್ಕು ಸಾವಿರಕ್ಕೆ ಏರಿಸಿದ್ದು ಯಾರು? ಇಷ್ಟು ತಪ್ಪು ಇಟ್ಕೊಂಡು ನೀವು ಊರಿಗೆಲ್ಲ ಜಾತಕ ಕೊಟ್ಟದ್ದಾ? ತಡೀರಿ, ಈಗಲೇ ಸಮ ಮಾಡಿ ಕೊಡ್ತೇನೆ.”

“ಬೇಡ! ಸಮ ಮಾಡ್ಬೇಡ!” ದೇವಿಪ್ರಸಾದ ಅವನ ಕೈ ಹಿಡಿದುಕೊಂಡ. “ಆ ದಿವಸ ಮಾಡಿದ ತಪ್ಪನ್ನೇ ಇದು ಪ್ರತಿ ಸಲ ಮಾಡುವ ಹಾಗೆ ಮಾಡಿಕೊಡು.”

ಅಝೀಮ್ ಸ್ಕ್ರೂಡ್ರೈವರ್ ಕೆಳಗಿಟ್ಟ. “ಎಂತ ಹೇಳ್ತೀರಿ? ಸರಿ ಕೆಲಸ ಪ್ರತಿ ಸಲ ಮಾಡುವ ಹಾಗೆ ಮಾಡ್ಲಿಕ್ಕೆ ಆಗ್ತದೆ. ತಪ್ಪನ್ನು ಹಾಗೆ ಕಲಿಸ್ಲಿಕ್ಕೆ ಆಗುದಿಲ್ಲ. ಇವತ್ತು ಕುಜ ಬೀಳ್ತದೆ, ನಾಳೆ ಗುರು ಬೀಳ್ತದೆ. ಕೈ ನಡುಗುವವ ಯಾವ ಗ್ಲಾಸ್ ಬೀಳಿಸ್ತಾನೆ ಅಂತ ಮೊದಲೇ ಹೇಳ್ಲಿಕ್ಕೆ ಆಗ್ತದಾ?”

“ನನ್ನ ಮದುವೆ ಅದರ ಮೇಲೆ ನಿಂತಿದೆ ಮಾರಾಯ.”

ಮದುವೆಯ ಮಾತು ಕೇಳಿ ಅಝೀಮನ ಮನಸ್ಸು ಕರಗಿತು. ಇಬ್ಬರೂ ಸೇರಿ ಸ್ಥಿರವಾದ ಅಸ್ಥಿರತೆಯ ಹುಡುಕಾಟಕ್ಕೆ ಇಳಿದರು. ವೇಗ ಏರಿಸಿದರೆ ಕಂಪ್ಯೂಟರು ಏಳಲೇ ಇಲ್ಲ. ವೋಲ್ಟೇಜ್ ಇಳಿಸಿದರೆ ಮದುವೆ ಕಾಗದದ ಮದುಮಗನ ಹೆಸರು ಅರ್ಧಕ್ಕೆ ನಿಂತಿತು. ಆ ದಿನ ಬಹಳ ಸೆಕೆ ಇತ್ತೆಂದು ವಾಗ್ದೇವಿಯಮ್ಮನಿಗೆ ನೆನಪಾಗಿ, ಯಂತ್ರಕ್ಕೆ ಬಿಸಿಯಾಗಲಿ ಎಂದು ಅವರು ಒಳಗಿನಿಂದ ಕಂಬಳಿ ತಂದು ಹೊದಿಸಿದರು. ಚಹಾ ತಂದ ಮೂಸಬ್ಬ ಕಂಬಳಿ ಹೊದ್ದ ಕಂಪ್ಯೂಟರನ್ನು ನೋಡಿ, “ಎಂತ, ಜ್ವರವಾ? ಡಾಕ್ಟ್ರಿಗೆ ತೋರಿಸಿದ್ರಾ?” ಎಂದು ಕೇಳಿದ. ಯಾರಿಗೂ ನಗುವ ಪುರುಸೊತ್ತಿರಲಿಲ್ಲ. ಕುಜ ಮಾತ್ರ ಏಳನೆಯ ಮನೆ ಬಿಟ್ಟು ಕದಲಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಮೂಡುಬಿದಿರೆಯ ಜೀಪು ಬಂದು ನಿಂತಿತು. ಮಾಸ್ಟ್ರು, ಜೋಯಿಸರು, ಚಿನ್ನಯ್ಯ, ಹೆಸರು ಹೇಳಿ ಪರಿಚಯ ಮಾಡುವಷ್ಟರಲ್ಲಿ ತಿಂಡಿಗೆ ಕೂತ ನಾಲ್ಕೈದು ನೆಂಟರು. ಎಲ್ಲರ ಹಿಂದಿನಿಂದ ಶ್ರೀಪ್ರಿಯಾ ಇಳಿದಳು. ಗಂಡಿನ ಮನೆ ನೋಡಲು ಹೆಣ್ಣೇ ಬರುವುದು ಕ್ರಮವಲ್ಲವಂತೆ. ನಾನು ಬಾರದಿದ್ದರೆ ಯಾರೂ ಹೋಗುವುದು ಬೇಡ ಎಂದಳಂತೆ.

ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲದಂತೆ ಎಲ್ಲರೂ ತುಂಬಿದರು. ಜೋಯಿಸರು ಪ್ರಿಂಟರಿನ ಎದುರೇ ಕುರ್ಚಿ ಹಾಕಿಕೊಂಡು ಕೂತರು. ಅಝೀಮ್ ‘ಪ್ರಿಂಟರ್ ಮೆಕ್ಯಾನಿಕ್’ ಎಂಬ ಹೊಸ ಪದವಿಯಲ್ಲಿ ಮೇಜಿನ ಕೆಳಗೆ ನುಸುಳಿದ. ದೇವಿಪ್ರಸಾದ ದೇವರ ಹೆಸರು ಹೇಳಿ ಬಟನ್ ಒತ್ತಿದ.

ಮೊದಲನೆಯ ಕಾಗದ ಬಂತು. ಜೋಯಿಸರು ಎತ್ತಿಕೊಂಡರು, ಅವರ ಹುಬ್ಬು ಕೂದಲಿನವರೆಗೆ ಏರಿತು. “ರಾಹು ಕೇತು ಒಂದೇ ಮನೆಯಲ್ಲಿ! ಸೃಷ್ಟಿಯಾದಂದಿನಿಂದ ಎದುರೆದುರು ಕೂತವರು ಮಾರಾಯ್ರೇ ಇವರು!”

“ರಾಜಿಯಾಗಿರಬಹುದು” ಎಂದ ಚಿನ್ನಯ್ಯ. ಬ್ರೋಕರಿಗೆ ಎಲ್ಲೆಲ್ಲೂ ರಾಜಿಯೇ ಕಾಣುವುದು.

“ಶಾಯಿ, ಶಾಯಿಯ ದೋಷ” ಎಂದು ದೇವಿಪ್ರಸಾದ ಬೆವರು ಒರೆಸಿಕೊಂಡು ಮೇಜನ್ನು ಕಾಲಿನಿಂದ ಒದ್ದ. ಕೆಳಗೆ ಅಝೀಮ್ ಏನೋ ತಿರುಗಿಸಿದ. ಕಂಪ್ಯೂಟರು ಒಮ್ಮೆ ಸತ್ತು ಎದ್ದಿತು.

ಎರಡನೆಯದು ಬಂತು. ಈ ಸಲ ಬುಧ ಮೂರು ಮನೆಗಳಲ್ಲಿ ಇದ್ದ, ಶುಕ್ರ ಎಲ್ಲೂ ಇರಲಿಲ್ಲ, ಹುಟ್ಟಿದ ವರ್ಷದಲ್ಲಿ ಇನ್ನೂ ಬಾರದ ಶತಮಾನವೊಂದು ಕೂತಿತ್ತು.

ಮಾಸ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ಈ ಲೆಕ್ಕದಲ್ಲಿ ಹುಡುಗ ಇನ್ನೂ ಹುಟ್ಟಿಯೇ ಇಲ್ಲ. ನಾವು ಸ್ವಲ್ಪ ಬೇಗ ಬಂದ ಹಾಗಾಯ್ತು.”

ನೆಂಟರಲ್ಲಿ ಒಬ್ಬರು ಚಪ್ಪಲಿ ಹುಡುಕತೊಡಗಿದರು. ವಾಗ್ದೇವಿಯಮ್ಮ ಒಳಗೆ ಹೋಗಿ ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿ ಬಂದರು. ದೇವಿಪ್ರಸಾದ ಇನ್ನೊಂದೇ ಒಂದು ಸಲ ಎಂದು ಬೆರಳು ಊರಿದ.

ಮೂರನೆಯ ಕಾಗದ ಮೆಲ್ಲಗೆ ಹೊರಬಂತು. ಜೋಯಿಸರು ಎಣಿಸಿದರು. ಎಡದಿಂದ ಎಂಟು. ಬಲದಿಂದ ಎಂಟು. ಜೇಬಿನಿಂದ ಹಳೆಯ ಪ್ರತಿ ತೆಗೆದು ಪಕ್ಕದಲ್ಲಿ ಹಿಡಿದರು. ಒಂದೊಂದು ಗ್ರಹವೂ ಅದರದರ ಮನೆಯಲ್ಲೇ ಇತ್ತು. ಏಳನೆಯ ಮನೆ ಖಾಲಿ!

“ಕುಜಲೋಪ ಯೋಗ!” ಎಂದು ಜೋಯಿಸರು ಕುರ್ಚಿಯಿಂದ ಹಾರಿದರು. “ನಾನು ಹೇಳ್ಲಿಲ್ವಾ? ಎರಡನೇ ಸಲವೂ ಬಂತು! ಪ್ರಮಾಣ!”

“ದೇವಣ್ಣ, ಬಂತಾ?” ಎಂದು ಅಝೀಮ್ ಮೇಜಿನ ಕೆಳಗಿನಿಂದ ತಲೆ ಎತ್ತಿ ಮೇಜಿಗೆ ಹೊಡೆಸಿಕೊಂಡ. ವಾಗ್ದೇವಿಯಮ್ಮ ಕಣ್ಣು ಒರೆಸಿಕೊಂಡರು. ಚಪ್ಪಲಿ ಹುಡುಕುತ್ತಿದ್ದ ನೆಂಟರು ಅದನ್ನು ಮತ್ತೆ ಬಿಟ್ಟರು. ಮಾಸ್ಟ್ರು ಎದ್ದು ನಿಂತು, “ಸರಿ ಹಾಗಾದ್ರೆ. ತಾಂಬೂಲ ತನ್ನಿ, ನಿಶ್ಚಯ ಮಾಡುವ” ಎಂದರು.

ಶ್ರೀಪ್ರಿಯಾ ಮಾತ್ರ ನಗಲಿಲ್ಲ. ಅವಳು ಜೋಯಿಸರ ಕೈಯಿಂದ ಕಾಗದ ತೆಗೆದುಕೊಂಡು ನೋಡಿದಳು. ಅವಳ ಮುಖ ಬಾಡಿತು. ಇದೇನು ವಿಚಿತ್ರ! ಗಂಡಿಗೆ ದೋಷವಿಲ್ಲವೆಂದು ಹೆಣ್ಣು ಹೆದರುವುದುಂಟೇ? ಅವಳು ನೇರ ದೇವಿಪ್ರಸಾದನ ಹತ್ತಿರ ಬಂದು ನಿಂತಳು.

“ನಿಮಗೆ ನಿಜವಾಗಿ ಕುಜ ಇಲ್ಲವಾ?”

“ಅದು... ಅದರಲ್ಲಿ ಉಂಟಲ್ಲ, ಅಂದ್ರೆ ಇಲ್ಲ ಅಂತ...”

“ಪೇಪರ್ ಬಿಡಿ. ನೀವು ಬಾಯಲ್ಲಿ ಒಮ್ಮೆ ಹೇಳಿ.”

ದೇವಿಪ್ರಸಾದ ಅಮ್ಮನ ಮುಖ ನೋಡಿದ. ಅಮ್ಮ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು. ಚಿನ್ನಯ್ಯ ಕೈ ಮುಗಿಯುತ್ತಿದ್ದ. ಗೆದ್ದದ್ದಾಗಿದೆ, ಬಾಯಿ ಮುಚ್ಚಿ ಕೂತರೆ ಸಾಕು. ಎದುರಿನಲ್ಲಿ ಅವಳ ಕಣ್ಣು ಅವನನ್ನೇ ನೋಡುತ್ತಿತ್ತು. ಜೀವಮಾನದಲ್ಲಿ ಒಂದು ಸಲ ಸಿಕ್ಕಿದ್ದನ್ನು ತನ್ನ ಕೈಯಾರೆ ಕಳೆದುಕೊಳ್ಳಬೇಕಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

“ಉಂಟು” ಎಂದ. “ಏಳರಲ್ಲಿ ಉಂಟು. ನಾನು ರ‍್ಯಾಮ್ ಜಾಸ್ತಿ ಓಡಿಸಿದ್ದಕ್ಕೆ ಬಿದ್ದುಹೋದದ್ದು. ಯೋಗ ಅಲ್ಲ ಎಂತದ್ದೂ ಅಲ್ಲ. ಮೊನ್ನೆಯೇ ಹೇಳ್ಬೇಕಿತ್ತು. ನೀವು ನಕ್ಕಿರಿ, ಹೇಳ್ಲಿಕ್ಕೆ ಆಗ್ಲಿಲ್ಲ.”

ವಾಗ್ದೇವಿಯಮ್ಮ ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತರು. ಅರಸರ ಜಾತಕ ಕೈತಪ್ಪಿದ ಜೋಯಿಸರ ಮುಖ ಬೆಳ್ಳಗಾಯಿತು. ಮಾಸ್ಟ್ರ ಮುಖ ಕೆಂಪಾಯಿತು.

“ಮೋಸ!” ಎಂದು ಅವರು ಇಡೀ ಶಾಲೆಗೆ ಕೇಳಿಸುವ ಸ್ವರದಲ್ಲಿ ಗುಡುಗಿದರು. “ಗ್ರಹವನ್ನೇ ಅಡಗಿಸಿಟ್ಟವನಿಗೆ ಮಗಳನ್ನು ಕೊಡ್ಲಿಕ್ಕೆ ನನಗೇನು ಮಂಡೆ ಸಮ ಇಲ್ವಾ? ನಡೀರಿ ಎಲ್ಲ!”

“ಅಬ್ಬ!” ಎಂದಳು ಶ್ರೀಪ್ರಿಯಾ. ಎಲ್ಲರೂ ತಿರುಗಿ ನೋಡಿದರು. ಅವಳ ಮುಖ ಅರಳಿತ್ತು. “ಏಳರಲ್ಲೇ ಅಲ್ವಾ? ಗಟ್ಟಿ?”

“ಗಟ್ಟಿ” ಎಂದ ದೇವಿಪ್ರಸಾದ, ತಬ್ಬಿಬ್ಬಾಗಿ.

“ಅಪ್ಪ, ಇನ್ನು ನಮ್ಮದು ಹೇಳಿ.”

“ನಮ್ಮದು ಎಂತದು?”

“ನಾನು ಹುಟ್ಟಿದ್ದು ಹತ್ತೂವರೆಗೆ ಅಂತ ಅಮ್ಮ ಯಾವಾಗಲೂ ಹೇಳ್ತಿದ್ರು. ಜಾತಕದಲ್ಲಿ ಹನ್ನೊಂದು ಗಂಟೆ ಹೇಗಾಯ್ತು?”

ಮಾಸ್ಟ್ರು ಜೋಯಿಸರನ್ನು ನೋಡಿದರು. ಜೋಯಿಸರು ಫ್ಯಾನನ್ನು ನೋಡಿದರು.

“ಆಸ್ಪತ್ರೆಯ ಗಡಿಯಾರ ಸ್ವಲ್ಪ ಹಿಂದೆ ಇತ್ತು” ಎಂದರು ಮಾಸ್ಟ್ರು. ಸ್ವರ ಕಡೆಯ ಬೆಂಚಿಗೆ ಇಳಿದಿತ್ತು.

“ಇಪ್ಪತ್ತು ವರ್ಷ ಸರಿ ಇದ್ದ ಗಡಿಯಾರ, ನನಗೆ ಗಂಡು ಹುಡುಕ್ಲಿಕ್ಕೆ ಶುರು ಮಾಡಿದ ಮೇಲೆ ಹಿಂದೆ ಬಿತ್ತಾ? ನನಗೂ ಏಳರಲ್ಲಿ ಕುಜ. ಅರ್ಧ ಗಂಟೆ ಮುಂದೆ ಓಡಿಸಿ ನೀವಿಬ್ಬರೂ ಅದನ್ನು ಆರಕ್ಕೆ ದಾಟಿಸಿದ್ದು. ಕುಜ ಇಲ್ಲದವರಿಗೆ ಕುಜ ಇದ್ದವಳನ್ನು ಕಟ್ಟಿದ್ರೆ ಅವರ ಜೀವಕ್ಕೇ ಅಪಾಯ ಅಂತ ಹೇಳುದೂ ನೀವೇ. ನಾನು ಫಿಸಿಕ್ಸ್ ಕಲಿಸುವವಳು, ಅದನ್ನೆಲ್ಲ ನಂಬುದಿಲ್ಲ. ಆದ್ರೆ ಗುರುವಾರದಿಂದ ನಿದ್ದೆ ಬರ್ಲಿಲ್ಲ ಅಪ್ಪ, ಎಂತ ಮಾಡುದು?”

ಒಬ್ಬನು ರ‍್ಯಾಮನ್ನು ಓಡಿಸಿದ್ದ, ಇನ್ನೊಬ್ಬರು ಗಡಿಯಾರವನ್ನೇ ಓಡಿಸಿದ್ದರು. ಯಾರು ಯಾರಿಗೆ ಮೋಸವೆಂದು ಕೂಗುವುದು ಎಂಬುದೇ ತೀರ್ಮಾನವಾಗಲಿಲ್ಲ. ಆಮೇಲೆ ಮಾಸ್ಟ್ರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

ಅಝೀಮ್ ಮೇಜಿನ ಕೆಳಗಿನಿಂದ ಹೊರಬಂದು ರ‍್ಯಾಮನ್ನು ಕಂಪನಿ ಸ್ಪೀಡಿಗೆ ಇಳಿಸಿದ. ಯಂತ್ರ ತನ್ನ ಹಳೆಯ ಉದಾಸೀನಕ್ಕೆ ಮರಳಿತು. ಮಾಸ್ಟ್ರು ಕೊನೆಗೆ ಒಪ್ಪಿಕೊಂಡ ಹತ್ತೂವರೆಯನ್ನು ಹಾಕಿ ಅವಳದೊಂದು, ಅವನದೊಂದು ಜಾತಕ ಪ್ರಿಂಟಿಗೆ ಕೊಟ್ಟರು. ಎಲ್ಲರೂ ಕಾದರು. ಮೂಸಬ್ಬ ನಾಲ್ಕು ನಾಲ್ಕು ಗ್ಲಾಸಿನಂತೆ ಎರಡು ಸಲ ಬಂದು ಚಹಾ ಕೊಟ್ಟು ಹೋದ. ಯಾರೂ ಮೆಲ್ಕಾರಿನ ಹೆಸರು ಎತ್ತಲಿಲ್ಲ. ಕೊನೆಗೆ ಎರಡು ಕಾಗದಗಳೂ ಬಂದವು. ಎರಡರಲ್ಲೂ ಗ್ರಹಗಳು ಒಂಬತ್ತು, ಎರಡರಲ್ಲೂ ಏಳನೆಯ ಮನೆಯಲ್ಲಿ ಕುಜ.

ಜೋಯಿಸರಿಗೆ ಜೀವ ಬಂದಂತಾಯಿತು. “ದೋಷಕ್ಕೆ ದೋಷ ಸಮ! ಇಬ್ಬರಿಗೂ ಇದ್ರೆ ಇಬ್ಬರಿಗೂ ಇಲ್ಲ ಅಂತ ಲೆಕ್ಕ. ಇದಕ್ಕಿಂತ ಒಳ್ಳೆ ಕೂಟ ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ನಾನು ಮೊದಲಿಂದಲೂ ಹೇಳ್ತಾ ಇದ್ದದ್ದು ಇದನ್ನೇ.”

“ಮತ್ತೆ ಆ ಕುಜಲೋಪ ಯೋಗ?” ಎಂದು ಚಿನ್ನಯ್ಯ ಕೇಳಿದ.

“ಅದು ಅರಸರಿಗೆ.”

ಚಿನ್ನಯ್ಯನಿಗೆ ಇನ್ನೊಂದು ಸಂಶಯ ಹೊಳೆದು ಮುಖ ಸಣ್ಣದಾಯಿತು. “ಅಲ್ಲ ಜೋಯಿಸರೇ, ಈ ಮೆಷಿನು ಓಡ್ತಾ ಇದ್ದಾಗ ಇಲ್ಲಿಂದ ಹೋದ ಜಾತಕದಲ್ಲಿ ಬೆಳ್ತಂಗಡಿ ಕಡೆ ಎರಡು ನಿಶ್ಚಯ ಆಗಿದೆ. ನೀವೇ ನೋಡಿದ್ದು.”

“ಎರಡೂ ಕಡೆಯವರು ಸಂತೋಷದಲ್ಲಿದ್ದಾರೆ” ಎಂದರು ಜೋಯಿಸರು ಗಂಭೀರವಾಗಿ. “ಆ ಮಾತು ಇಲ್ಲಿಗೇ ಬಿಡುವ.”

ಮಾಸ್ಟ್ರು ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟರು. “ಜಾತಕ ಎಲ್ಲ ಆಯ್ತು. ಮಗಳೇ, ನಿನಗೆ ಒಪ್ಪಿಗೆಯಾ? ಈ ಹುಡುಗನಿಗೆ ಒಂದು ಕಾಗದ ಸರಿಯಾಗಿ ಪ್ರಿಂಟ್ ಹಾಕ್ಲಿಕ್ಕೆ ಇಷ್ಟು ಹೊತ್ತು ಬೇಕಾಯ್ತು.”

“ಕಾಗದ ಬಿಟ್ಟು ಬಾಯಲ್ಲಿ ಹೇಳಿದ್ದು ಸರಿ ಇತ್ತಲ್ಲ ಅಪ್ಪ” ಎಂದಳು ಶ್ರೀಪ್ರಿಯಾ. “ನನಗೆ ಅದು ಸಾಕು.”

ದೇವಿಪ್ರಸಾದ ತನ್ನ ಗ್ಲಾಸಿನ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ. ವಾಗ್ದೇವಿಯಮ್ಮ ತಾಂಬೂಲದ ತಟ್ಟೆ ತರಲು ಓಡಿದರು, ತಿರುಗಿ ಬಂದು ಅಝೀಮನ ತಲೆ ಸವರಿ ಮತ್ತೆ ಓಡಿದರು.

“ಹಾಗಾದ್ರೆ ಮುಹೂರ್ತವೂ ಈಗಲೇ ನೋಡುವ” ಎಂದರು ಜೋಯಿಸರು, ಹುರುಪಿನಿಂದ ಕಂಪ್ಯೂಟರಿನ ಕಡೆ ಕುರ್ಚಿ ತಿರುಗಿಸಿ. “ಇದನ್ನು ಪುನಃ ಓಡಿಸಿದ್ರೆ ಒಂದು ಕ್ಷಣದಲ್ಲಿ ಬರ್ತದಲ್ಲ?”

“ಬೇಡ!” ಎಂದು ಇಡೀ ಅಂಗಡಿ ಒಂದೇ ಸ್ವರದಲ್ಲಿ ಬೊಬ್ಬೆ ಹೊಡೆಯಿತು. ಎಲ್ಲರಿಗಿಂತ ದೊಡ್ಡ ಬೊಬ್ಬೆ ದೇವಿಪ್ರಸಾದನದ್ದು. ಅವನು ಹಾರಿ ಹೋಗಿ ಕಂಪ್ಯೂಟರಿನ ವೈರನ್ನೇ ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು ನಿಂತ.

ಜೋಯಿಸರು ನಿಟ್ಟುಸಿರು ಬಿಟ್ಟು, ಚೀಲಕ್ಕೆ ಕೈ ಹಾಕಿ, ಪಂಚಾಂಗ ತೆಗೆದರು.